ಬಿಳೀಗೌಡರ ಪಂಚೆ ಕೆಂಪಾದದ್ದು

ನಮ್ಮ ಮನೆಯಲ್ಲಿ ಕಾಫಿ ಚೆಲ್ಲಿದರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ನಮ್ಮ ಯಜಮಾನರು "ಬಟ್ಟೆ, ಬಟ್ಟೆ" ಎಂದು ಕೂಗುತ್ತ ಎದ್ದು ನಿಲ್ಲುತ್ತಾರೆ. ನಾನು ಮೇಜಿನ ಮಟ್ಟಕ್ಕೆ ತಲೆ ಬಗ್ಗಿಸಿ, ಅದು ಯಾವ ಕಡೆಗೆ ಹರಿಯುತ್ತದೆ ಎಂದು ನೋಡುತ್ತ ಕೂರುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಲೋಟ ಉರುಳಿಸಿದವರು ಅವರೇ, ಆ ಮಾತು ಬೇರೆ. ಕಾಫಿ ಮೊದಲು ನನ್ನ ಕಡೆಗೆ ಬರುವಂತೆ ಮಾಡಿ, ನಡುವೆ ಮನಸ್ಸು ಬದಲಿಸಿ, ಹಲಗೆಯ ಸಂದಿಯೊಂದನ್ನು ಹಿಡಿದು ನೇರವಾಗಿ ಅವರ ಪಂಚೆಯ ಮೇಲೆ ಇಳಿಯಿತು.

"ನೋಡ್ತಾ ಕೂತಿದ್ದೀಯಲ್ಲ, ತಡೀಬಾರದಿತ್ತೆ?" ಎಂದರು.

"ತಡೆಯೋದಾದರೆ ಮೇಲ್ಗಡೆ ತಡೀಬೇಕಿತ್ತು. ಅಲ್ಲಿವರೆಗೂ ಬಂದ ಮೇಲೆ ನಾನೇನು ಮಾಡಲಿ?" ಎಂದೆ.

ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಈ ಉತ್ತರ ಅವರಿಗೆ ಒಮ್ಮೆಯೂ ರುಚಿಸಿಲ್ಲ.

ಈ ಚಾಳಿ ನನಗೆ ಬಂದದ್ದು ನಮ್ಮ ಅಜ್ಜಿಯಿಂದ, ಅಂದರೆ ಅಪ್ಪನ ತಾಯಿ ನಂಜಮ್ಮನಿಂದ. ಅವಳಿಗೆ ಮಳೆ ಬಂದರೆ ಹಪ್ಪಳ, ಬೋಂಡ ನೆನಪಾಗುತ್ತಿರಲಿಲ್ಲ. ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಕೆರೆಯ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದಳು. ಮನೆಯ ಗಂಡಸರು ಮಳೆ ನಿಂತ ಮೇಲೆ ಕೆರೆ ಎಷ್ಟು ತುಂಬಿತು ಎಂದು ನೋಡಲು ಹೋದರೆ, ಇವಳು ಮಳೆ ಬರುವಾಗಲೇ ಹೋಗಿ ನೀರು ಹೇಗೆ ಬಂತು ಎಂದು ನೋಡುವವಳು. ನಾನು ಅವಳ ಕಂಬಳಿಯೊಳಗೆ ತೂರಿಕೊಂಡು, ಅದರ ಉಣ್ಣೆಯ ವಾಸನೆ ಕುಡಿಯುತ್ತ, ಒಂದು ಕಣ್ಣು ಮಾತ್ರ ಹೊರಗಿಟ್ಟು ನಿಲ್ಲುತ್ತಿದ್ದೆ.

ನಮ್ಮೂರು ತೂಬಿನಹಳ್ಳಿ. ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಗಾಡಿದಾರಿ ಹಿಡಿದರೆ ದಾರಿಯಲ್ಲಿ ಸಿಗುತ್ತದೆ. ಊರಿಗೆ ಒಂದೇ ಕೆರೆ. ಗದ್ದೆಗೂ ಅದೇ, ದನಕ್ಕೂ ಅದೇ. ಏರಿಯ ಕೆಳಗಿದ್ದ ಸಿಹಿನೀರ ಬಾವಿಗೆ ಒರತೆ ಕೊಡುತ್ತಿದ್ದದ್ದೂ ಅದೇ. ಕೆರೆಯಿಂದ ಮೇಲಕ್ಕೆ ಒಂದು ದೊಡ್ಡ ಇಳಿಜಾರು. ಅದರ ತುಂಬ ಹುಲ್ಲು, ಅಲ್ಲಲ್ಲಿ ತಂಗಡಿ, ಕಾರೆ, ಹೊಂಗೆ. ಆ ಇಳಿಜಾರಿನ ನೆತ್ತಿಯ ಮೇಲೆ ಇದ್ದದ್ದು ದಿಣ್ಣೆಪಾಳ್ಯ, ಅಜ್ಜಿಯ ತವರು.

ಅಜ್ಜಿಯ ತವರುಮನೆಗೆ ಒಂದು ವಿಶೇಷವಿತ್ತು. ಆ ಮನೆ ದಿಣ್ಣೆಯ ಬೆನ್ನೆಲುಬಿನ ಮೇಲೇ ಕೂತಿತ್ತು. ಹೆಂಚಿನ ಮಾಡಿನ ಈ ಕಡೆಗೆ ಬಿದ್ದ ಮಳೆ ನಮ್ಮ ಕೆರೆಗೆ ಇಳಿದು, ಕೋಡಿ ಹರಿದು, ಲಕ್ಷ್ಮಣತೀರ್ಥ ಸೇರಿ ಕನ್ನಂಬಾಡಿಯಲ್ಲಿ ಕಾವೇರಿಯನ್ನು ಕೂಡುತ್ತಿತ್ತು. ಆ ಕಡೆಗೆ ಬಿದ್ದದ್ದು ಕೋಟೆಯ ಸೀಮೆಗೆ ಇಳಿದು ಕಪಿಲೆಯನ್ನು ಸೇರುತ್ತಿತ್ತು. ಒಂದೇ ಮೋಡದಿಂದ ಒಟ್ಟಿಗೆ ಹೊರಟ ಎರಡು ಹನಿಗಳು ಮಾಡಿನ ನೆತ್ತಿಯ ಮೇಲೆ ಬೇರೆಯಾಗಿ, ಎರಡು ಹೊಳೆಗಳೂ ಕೂಡುವ ತಿರುಮಕೂಡಲಿನಲ್ಲಿ ಮತ್ತೆ ಮುಖ ನೋಡುತ್ತಿದ್ದವು. ಅಜ್ಜಿಯೂ ಅವಳ ತಮ್ಮನೂ ಚಿಕ್ಕವರಾಗಿದ್ದಾಗ ಮುತ್ತುಗದ ಎಲೆಯ ದೋಣಿ ಮಾಡಿ, ಅವಳು ಮನೆಯ ಮುಂದೆ, ಅವನು ಹಿತ್ತಿಲಲ್ಲಿ ಬಿಟ್ಟು, ಯಾರ ದೋಣಿ ಮೊದಲು ತಿರುಮಕೂಡಲು ಮುಟ್ಟುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಪಂದ್ಯ ಯಾರು ಗೆದ್ದರೆಂದು ಕೇಳಿದರೆ ಅಜ್ಜಿ ನಗುತ್ತಿದ್ದಳು. "ಯಾರಿಗ್ ಗೊತ್ತು ಕಣವ್ವ. ನಾನ್ ದೋಣಿ ಬುಟ್ಟ ಕಡೀಕೇ ನನ್ನೂ ಬುಟ್ರು" ಎನ್ನುತ್ತಿದ್ದಳು. ಮದುವೆ ಮಾಡಿ ತೂಬಿನಹಳ್ಳಿಗೆ ಕೊಟ್ಟಿದ್ದನ್ನು ಅವಳು ಹೇಳುತ್ತಿದ್ದ ರೀತಿ ಅದು.

ಹೀಗಾಗಿ ಕೆರೆಗೆ ಹೊಸ ನೀರು ಬಂದರೆ ಅಜ್ಜಿ "ಮಳೆ ನೀರು ಬಂತು" ಎನ್ನುತ್ತಿರಲಿಲ್ಲ. "ನಮ್ ತವರಿಂದ ಬಂತು" ಎನ್ನುತ್ತಿದ್ದಳು. ಅರಿಶಿನ ಕುಂಕುಮ ಹಾಕಿ, ಒಂದು ಚೊಂಬು ತುಂಬಿಕೊಂಡು ಬಂದು, ನಡುಮನೆಯಲ್ಲಿಟ್ಟು ಕೈ ಮುಗಿಯುತ್ತಿದ್ದಳು. ಆಮೇಲೆ ಚೊಂಬಿನೊಳಗೆ ಇಣುಕಿ ನೋಡುತ್ತಿದ್ದಳು. ತಳ ಕಂಡರೆ ಅವಳಿಗೆ ಸಮಾಧಾನ. ಊರಿನ ಹೆಂಗಸರು ಬೇಕೆಂದೇ, "ನಂಜಮ್ಮ, ನಿಮ್ ತವರೋರು ಈ ಸಲ ಒಸಿ ಕಮ್ಮಿ ಕಳ್ಸವ್ರೆ" ಎಂದು ಕೆಣಕುವುದೂ ಉಂಟು. ಅಂಥ ದಿನ ನಮ್ಮ ಮನೆಯ ಸಾರಿಗೆ ಖಾರ ಹೆಚ್ಚಾಗಿರುತ್ತಿತ್ತು.

ಇನ್ನು ತಮ್ಮನ ವಿಷಯ. ಹೆಸರು ಪುಟ್ಟೇಗೌಡ. ಆ ಹೆಸರಿನಲ್ಲಿ ಅವರನ್ನು ಕರೆದವರನ್ನು ನಾನು ಕಾಣೆ. ಸುತ್ತ ಹತ್ತೂರಿಗೂ ಅವರು ಬಿಳೀಗೌಡರು. ನನಗೆ ಬಿಳೀತಾತ. ಮೈಬಣ್ಣ ಎಣ್ಣೆಗೆಂಪು. ಬಿಳಿ ಎಂದರೆ ಬಟ್ಟೆ. ಪಂಚೆ, ಅಂಗಿ, ಹೆಗಲ ಮೇಲಿನ ವಲ್ಲಿ, ತಲೆಯ ರುಮಾಲು, ಎಲ್ಲ ಮಲ್ಲಿಗೆ ಬಿಳುಪು. ಹೊಲದ ಬದುವಿನ ಮೇಲೆ ಅವರು ನಡೆದು ಬರುತ್ತಿದ್ದರೆ ದೂರದಿಂದ ಕೊಕ್ಕರೆ ಬಂದಂತೆ ಕಾಣುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ವಲ್ಲಿ ಹಾಸಿ ಆಮೇಲೆ ಕೂರುವವರು. ಕೂತ ಮೇಲೆ ಆ ವಲ್ಲಿ ಕೊಳೆಯಾಯಿತಲ್ಲ ಎಂದು ಸಂಕಟಪಡುವವರೂ ಅವರೇ.

ದಿಣ್ಣೆಪಾಳ್ಯದ ಬಾವಿಯ ನೀರು ಗಡಸು. ಅದರಲ್ಲಿ ಬೇಳೆ ಬೇಯದು, ಸೋಪು ನೊರೆ ಬಾರದು. ಅದಕ್ಕೇ ಬಿಳೀತಾತನ ಬಟ್ಟೆಯ ಗಂಟು ವಾರಕ್ಕೊಮ್ಮೆ ಇಳಿಜಾರು ಇಳಿದು ನಮ್ಮ ಕೆರೆಗೆ ಬರುತ್ತಿತ್ತು. ನಮ್ಮೂರ ಮಡಿವಾಳರ ಚಿಕ್ಕಣ್ಣ ಒಗೆದು, ಒಣಗಿಸಿ, ಮಡಿಸಿ ಕಳಿಸುತ್ತಿದ್ದ. ಹುಲ್ಲಿನ ಮೇಲೆ ಸೋಸಿಕೊಂಡು ಬಂದ ನೀರು ಅದು. ಅದರಲ್ಲಿ ಅದ್ದಿದ ಬಟ್ಟೆಗೆ ನೀಲಿಯ ಹಂಗೂ ಇರಲಿಲ್ಲ.

ಒಂದು ವರ್ಷ ಬಿಳೀತಾತನ ತಲೆಗೆ ಹೊಗೆಸೊಪ್ಪು ಹೊಕ್ಕಿತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹಾಕಿದವರೆಲ್ಲ ಹೆಂಚಿನ ಮನೆ ಕಟ್ಟಿಸುತ್ತಿದ್ದಾರೆ ಎಂದು ಹುಣಸೂರಿನ ಸಂತೆಯಲ್ಲಿ ಯಾರೋ ಹೇಳಿದರಂತೆ. ತಾತನಿಗೆ ಹೆಂಚಿನ ಮನೆ ಆಗಲೇ ಇತ್ತು. ಆದರೂ ಇಳಿಜಾರಿನ ಹುಲ್ಲೆಲ್ಲ ಕೆತ್ತಿಸಿ, ತಂಗಡಿ ಕಾರೆಗಳನ್ನು ಸುಡಿಸಿ, ನೇಗಿಲು ಕಟ್ಟಿಸಿದರು. ನೇಗಿಲು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಆಳುಗಳನ್ನು ನಂಬದೆ ಹಳೆಯ ಪಂಚೆ ಉಟ್ಟು ತಾವೇ ಸಾಲು ಹೊಡೆದರು. ನೆತ್ತಿಯಿಂದ ಬುಡದವರೆಗೆ, ನೂಲು ಹಿಡಿದಂಥ ಸಾಲು. ಗಾಡಿದಾರಿಯಲ್ಲಿ ಹೋಗುವವರು ಎತ್ತು ನಿಲ್ಲಿಸಿ ನೋಡಬೇಕು ಎಂಬುದು ಅವರ ಆಸೆ, ಕೆಲವರು ನೋಡಿದರು ಕೂಡ.

ಅಜ್ಜಿ ಯುಗಾದಿಗೆ ತವರಿಗೆ ಹೋದಾಗ ಅದನ್ನು ಕಂಡಳು. ನಾನೂ ಜೊತೆಯಲ್ಲಿದ್ದೆ. ಒಬ್ಬಟ್ಟಿನ ತಟ್ಟೆ ಅವಳ ಮುಂದೆ ಹಾಗೇ ಇತ್ತು.

"ಪುಟ್ಟ, ಇದೇನ್ಲಾ ಮಾಡ್ದೆ? ಮಳೆ ಬಂದ್ರೆ ಈ ಮಣ್ಣೆಲ್ಲ ನಮ್ ಕೆರೇಗಲ್ವಾ?" ಎಂದಳು.

"ನಿಮ್ ಕೆರೆ ಅಲ್ಲೆಲ್ಲೋ ಐತೆ, ನನ್ ಒಲ ಇಲ್ಲೈತೆ. ಎರಡಕ್ಕೂ ಏನಕ್ಕ ನೆಂಟಸ್ತಿಕೆ?"

"ನಿಂಗೂ ನಂಗೂ ಇರೋದೇ ಕಣ್ಲಾ" ಎಂದಳು ಅಜ್ಜಿ.

ತಾತ ನಕ್ಕು, ಅವಳ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದರು. ಹೆಣ್ಣುಮಕ್ಕಳ ಮಾತಿಗೆ ಗಂಡಸರು ತುಪ್ಪದಲ್ಲಿ ಉತ್ತರ ಕೊಡುವುದು ಆ ಮನೆಯ ಸಂಪ್ರದಾಯವಾಗಿತ್ತು. ಅಜ್ಜಿ ಅದನ್ನು ತಿನ್ನದೆ ಎದ್ದಳು. ಅವಳಿಗಾಗಿ ದುಃಖಪಟ್ಟು ಆ ಒಬ್ಬಟ್ಟನ್ನು ನಾನು ತಿಂದೆ.

ಮುಂಗಾರು ಹಿಡಿಯಿತು. ಅಜ್ಜಿ ಎಂದಿನಂತೆ ಅರಿಶಿನ ಕುಂಕುಮ ತೆಗೆದುಕೊಂಡು ಏರಿಗೆ ಹೋದಳು. ಬಂದ ನೀರು ರಾಗಿ ಅಂಬಲಿಯಂತಿತ್ತು, ಕೆಂಪಗೆ, ಮಂದವಾಗಿ. ಚೊಂಬು ತುಂಬಿ ತಂದು ನಡುಮನೆಯಲ್ಲಿಟ್ಟಳು. ಸಂಜೆಯಾದರೂ ತಳ ಕಾಣಲಿಲ್ಲ. ಮಾರನೆಯ ದಿನ ಸೋಸಿ ನೋಡಿದರೆ ಒಂದು ಹಿಡಿ ಮಣ್ಣು ಬಟ್ಟೆಯಲ್ಲಿ ಉಳಿಯಿತು.

"ಒಂದ್ ಚೊಂಬಿಗೆ ಒಂದ್ ಇಡಿ. ಕೆರೇಗೆ ಎಷ್ಟು ಅಂತ ಲೆಕ್ಕ ಆಕು" ಎಂದಳು ನನಗೆ. ಲೆಕ್ಕ ಎಂದರೆ ನನಗೆ ಆಗಲೇ ಹೊಟ್ಟೆನೋವು ಬರುತ್ತಿತ್ತು. ಆದರೆ ಇದಕ್ಕೆ ಲೆಕ್ಕವೇ ಬೇಕಿರಲಿಲ್ಲ. ಹೀಗೇ ನಾಲ್ಕು ಮಳೆಗಾಲ ಕಳೆದರೆ ಬಟ್ಟಲಿನಂತಿದ್ದ ಕೆರೆ ತಟ್ಟೆಯಾಗುತ್ತದೆ, ತೂಬು ಹೂಳಿನಲ್ಲಿ ಮುಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ಬಾವಿಯ ಒರತೆ ನಿಲ್ಲುತ್ತದೆ. ಬೆತ್ತಲೆಯಾದ ಇಳಿಜಾರಿನಲ್ಲಿ ಮಳೆ ನಿಲ್ಲದೆ ಧಡಧಡನೆ ಓಡಿಬರುತ್ತಿತ್ತು. ಮೊದಲು ಹುಲ್ಲಿನ ಬುಡದಲ್ಲಿ ಇಂಗಿ, ಮಳೆ ನಿಂತು ವಾರವಾದರೂ ಹಳ್ಳದಲ್ಲಿ ಜಿನುಗುತ್ತಿದ್ದ ನೀರು ಈಗ ಎರಡೇ ದಿನಕ್ಕೆ ಬತ್ತುತ್ತಿತ್ತು.

ಬಾವಿಕಟ್ಟೆಯಲ್ಲಿ ಹೆಂಗಸರು ಕೊಡದೊಳಗೆ ಚಿಲ್ಲದ ಬೀಜ ತೇಯ್ದು ನೀರು ತಿಳಿಯಾಗುವುದನ್ನು ಕಾಯತೊಡಗಿದರು. ಈಗ ಯಾರೂ ಅಜ್ಜಿಯನ್ನು ಕೆಣಕುತ್ತಿರಲಿಲ್ಲ. ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಅದು ಅವಳಿಗೆ ಕೆಣಕುವುದಕ್ಕಿಂತ ಹೆಚ್ಚು ನೋವು ಕೊಟ್ಟಿತು. "ಕೊಟ್ ಊರಿನ್ ಬಾಯಿಗೆ ತವರೋರೇ ಮಣ್ಣಾಕುದ್ರಲ್ಲ" ಎಂದು ಒಂದು ದಿನ ಒಲೆಯ ಮುಂದೆ ಕೂತು ಅತ್ತಳು. ನಾನು ಅವಳನ್ನು ಅಳುತ್ತ ನೋಡಿದ್ದು ಅದೊಂದೇ ಸಲ. ಹೊಗೆ ಕಣ್ಣಿಗೆ ಹೋಯಿತು ಎಂದು ಆಮೇಲೆ ಹೇಳಿದಳು, ಒಲೆ ಇನ್ನೂ ಹಚ್ಚಿರಲಿಲ್ಲ.

ಈ ಕಡೆ ಬಿಳೀತಾತನ ಬಟ್ಟೆಯ ಗಂಟು ವಾರದ ಲೆಕ್ಕದಲ್ಲಿ ಬಂದು ಹೋಗುತ್ತಲೇ ಇತ್ತು. ಮೊದಲ ವಾರ ಪಂಚೆಯ ಅಂಚು ಕೆಂಪಾಯಿತು. ಎರಡನೆಯ ವಾರ ಇಡೀ ಪಂಚೆ ಗುಲಾಬಿ ಬಣ್ಣಕ್ಕೆ ತಿರುಗಿತು. ತಾತ ದಿಣ್ಣೆ ಇಳಿದು ಬಂದು ಚಿಕ್ಕಣ್ಣನನ್ನು ಹಿಡಿದುಕೊಂಡರು.

"ಏನ್ಲಾ ಚಿಕ್ಕ, ಕೈ ಸೋತೋಯ್ತಾ ನಿಂಗೆ?"

"ಕೈ ಅಂಗೇ ಅದೆ ಗೌಡ್ರೇ, ನೀರ್ ಅಂಗಿಲ್ಲ" ಎಂದ ಚಿಕ್ಕಣ್ಣ.

ತಾತ ಅದನ್ನು ಸೋಮಾರಿಯ ನೆಪ ಎಂದುಕೊಂಡರು. ನೇರ ಹುಣಸೂರಿಗೆ ಹೋಗಿ ಸಾಹೇಬರ ಅಂಗಡಿಯಲ್ಲಿ ಬಾರ್ ಸೋಪು ಕೇಳಿದರು. ಸಾಹೇಬರು ಹಳೆಯ ಪರಿಚಯ, ಮರ್ಯಾದಸ್ಥರು. "ಗೌಡ್ರೇ, ಸೋಪಿನ ಜೊತೆ ಒಂದಿಷ್ಟು ನೀಲಿನೂ ಹಾಕ್ಸಿ, ಬಿಳುಪು ಬತ್ತದೆ" ಎಂದು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ಕೆಂಪಿನ ಮೇಲೆ ನೀಲಿ ಬಿದ್ದರೆ ಏನಾಗುತ್ತದೆ ಎಂದು ಇಬ್ಬರೂ ಯೋಚಿಸಲಿಲ್ಲ. ಆ ವಾರ ಬಿಳೀತಾತನ ಪಂಚೆ ನೇರಳೆಹಣ್ಣಿನ ಬಣ್ಣದಲ್ಲಿ ಮನೆಗೆ ಬಂತು.

ಅದೇ ಸಮಯಕ್ಕೆ ತಾತನ ಮಗಳನ್ನು ನೋಡಲು ಕೃಷ್ಣರಾಜನಗರದಿಂದ ಗಂಡಿನ ಕಡೆಯವರು ಬಂದರು. ಕಾಲುವೆ ನೀರಿನ ಗದ್ದೆ ಇದ್ದ ಜನ, ಮಾತಿನಲ್ಲೂ ಹಸಿ ಹೆಚ್ಚು. ತಾತ ಇದ್ದುದರಲ್ಲಿ ತಿಳಿಯಾದ ಒಂದು ಗುಲಾಬಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. ಗಂಡಿನ ಅಪ್ಪ ಕಾಲಿಗೆ ನೀರು ಹಾಕಿಸಿಕೊಳ್ಳುತ್ತ, ತಾತನನ್ನು ಮೇಲಿಂದ ಕೆಳಕ್ಕೆ ನೋಡಿ, "ಏನ್ ಗೌಡ್ರೇ, ನಿಮ್ ಕಡೆ ಮದ್ವೆಗ್ ಮುಂಚೇನೇ ಓಕುಳಿ ಆಡ್ತೀರಾ?" ಎಂದರು. ಚಪ್ಪರದ ಕೆಳಗಿದ್ದವರೆಲ್ಲ ನಕ್ಕರು. ಬಿಳೀಗೌಡ ಹೋಗಿ ಕೆಂಪಣ್ಣ ಆದರು ಎಂದು ಊರಿನ ಹುಡುಗರು ಆಡಿಕೊಂಡದ್ದು ಅವತ್ತಿನಿಂದ.

ಮಾರನೆಯ ಬೆಳಗ್ಗೆ ಜಿಟಿಜಿಟಿ ಮಳೆಯಲ್ಲಿ, ಕೊಡೆ ಹಿಡಿದು, ರಾತ್ರಿಯೆಲ್ಲ ಪೆಟ್ಟಿಗೆ ಜಾಲಾಡಿ ತಳದಲ್ಲಿ ಸಿಕ್ಕ ಕೊನೆಯ ಬಿಳಿ ಪಂಚೆ ಉಟ್ಟು ತಾತ ನಮ್ಮ ಏರಿಯ ಮೇಲೆ, ಕಂಬಳಿ ಹೊದ್ದು ನಿಂತಿದ್ದ ಅಜ್ಜಿಯ ಮತ್ತು ನನ್ನ ಪಕ್ಕಕ್ಕೆ ಬಂದು ನಿಂತರು. ಕೆರೆಯನ್ನು ಕಣ್ಣಾರೆ ನೋಡಿದರು. ಅವರಿಗೆ ಆಗ ಹೊಳೆಯಿತು, ಮೇಲ್ಗಡೆ ಯಾವನೋ ಕಿಡಿಗೇಡಿ ಹಳ್ಳಕ್ಕೆ ಎಮ್ಮೆ ಬಿಟ್ಟು ಕಲಕುತ್ತಿದ್ದಾನೆ, ಇಲ್ಲವೇ ಕದ್ದು ಮಣ್ಣು ಅಗೆಯುತ್ತಿದ್ದಾನೆ ಎಂದು.

"ಯಾವನೇ ಆಗ್ಲಿ ಅಕ್ಕ, ಇವತ್ ಇಡೀತೀನಿ. ಇಡ್ದು ಈ ಕಲ್ ಮುಂದೆ ನಿಲ್ಸಿ, ಇಡೀ ಊರಿನ್ ಬಟ್ಟೆ ಅವನ್ ಕೈಲೇ ಒಗುಸ್ತೀನಿ. ಗಂಗವ್ವನ ಆಣೆ" ಎಂದು ಒಗೆಯುವ ಕಲ್ಲಿಗೆ ಕೊಡೆಯಿಂದ ಬಡಿದರು.

ಅಜ್ಜಿ ಅವರ ಮುಖ ನೋಡಿದಳು. ನಾನು ಬಾಯಿ ತೆರೆದೆ. ಕಂಬಳಿಯೊಳಗಿನಿಂದ ಒಂದು ಕೈ ಬಂದು ನನ್ನ ತೊಡೆಯನ್ನು ಚಿವುಟಿತು. "ನಡೀಲಾ, ನಾನೂ ಬತ್ತೀನಿ. ಕಳ್ಳನ ಮೊಕ ನಾನೂ ನೋಡ್ಬೇಕು" ಎಂದಳು ಅಜ್ಜಿ.

ಹೀಗೆ ಮೂವರ ಮೆರವಣಿಗೆ ಹೊರಟಿತು. ಮುಂದೆ ಕೊಡೆಯ ತಾತ, ನಡುವೆ ನಾನು, ಹಿಂದೆ ಕಂಬಳಿಯ ಅಜ್ಜಿ. ಕೆರೆಗೆ ಬಂದು ಬೀಳುವ ಹಳ್ಳವನ್ನು ಹಿಡಿದು ಮೇಲಕ್ಕೆ ನಡೆದೆವು. ಸ್ವಲ್ಪ ದೂರದಲ್ಲಿ ಹಳ್ಳ ಕವಲೊಡೆಯಿತು. ಎಡಗಡೆಯದು ಹೊಂಗೆ ತೋಪಿನೊಳಗಿಂದ ಬರುತ್ತಿತ್ತು. ಅದರ ನೀರಿನಲ್ಲಿ ಉದುರಿದ ಎಲೆ ತೇಲುತ್ತಿತ್ತು, ಕೆಳಗಿನ ಮರಳು ಕಾಣುತ್ತಿತ್ತು. ಬಲಗಡೆಯದು ಕೆಂಪು.

"ಯಾವುದ್ಲಾ?" ಎಂದಳು ಅಜ್ಜಿ.

"ಕಣ್ ಕಾಣಾಕಿಲ್ವಾ? ಇದು" ಎಂದು ತಾತ ಬಲಕ್ಕೆ ತಿರುಗಿದರು.

ಮುಂದೆ ಮತ್ತೊಂದು ಕವಲು. ಒಂದು ಕಡೆಯ ನೀರು ದನ ಮೇಯುವ ಹುಲ್ಲಿನಿಂದ ಇಳಿದು ಬರುತ್ತಿತ್ತು. ತಾತ ಬಗ್ಗಿ ಬೊಗಸೆಯಲ್ಲಿ ಹಿಡಿದು, "ನೋಡಕ್ಕ, ಎಷ್ಟ್ ತಿಳಿಯಾಗೈತೆ. ಇಲ್ಲಿ ಯಾರೂ ಕೈ ಆಕಿಲ್ಲ" ಎಂದು ಪೊಲೀಸಿನವರ ಗತ್ತಿನಲ್ಲಿ ತೀರ್ಪು ಕೊಟ್ಟರು. ಕೆಂಪು ಕವಲನ್ನು ಹಿಡಿದರು. ಹೋಗುತ್ತ ಹೋಗುತ್ತ ಅವರ ಉತ್ಸಾಹ ಏರಿತು. ಕೆಂಪು ಗಾಢವಾದಷ್ಟೂ ಹೆಜ್ಜೆ ಬಿರುಸಾಯಿತು. "ಅತ್ರ ಬಂದ್ವಿ ಕಣಕ್ಕ. ಸದ್ದು ಮಾಡ್ಬೇಡಿ" ಎಂದು ಪಿಸುಗುಟ್ಟಿದರು. ನನಗೆ ನಗು ತಡೆಯಲಾಗದೆ ಬಿಕ್ಕಳಿಕೆ ಶುರುವಾಯಿತು. ನೀರಿನಲ್ಲಿ ನೆನೆದು ಹುಡುಗಿಗೆ ನೆಗಡಿ ಹಿಡಿಯಿತು ಎಂದು ತಾತ ತಮ್ಮ ವಲ್ಲಿಯನ್ನೇ ನನ್ನ ತಲೆಗೆ ಸುತ್ತಿದರು. ಬಹಳ ಒಳ್ಳೆಯ ಮನುಷ್ಯ, ಅದನ್ನೂ ಹೇಳಬೇಕು.

ಕೊನೆಯ ಪೊದೆಯನ್ನು ಕೊಡೆಯಿಂದ ಸರಿಸಿ ತಾತ ಹೊರಗೆ ಕಾಲಿಟ್ಟರು. ಎದುರಿಗೆ ಅವರ ಹೊಗೆಸೊಪ್ಪಿನ ಹೊಲ.

ನೆತ್ತಿಯಿಂದ ಬುಡದವರೆಗೆ ನೂಲು ಹಿಡಿದಂಥ ಸಾಲುಗಳು. ಒಂದೊಂದು ಸಾಲಿನಲ್ಲೂ ಕೆಂಪು ನೀರು ಗೆರೆ ತಪ್ಪದೆ ಓಡಿಬಂದು ಹಳ್ಳಕ್ಕೆ ಬೀಳುತ್ತಿತ್ತು. ನೆಟ್ಟ ಸಸಿಗಳಲ್ಲಿ ಅರ್ಧ ಬೇರು ತೋರಿಸಿಕೊಂಡು ಮಲಗಿದ್ದವು. ಎಮ್ಮೆ ಇರಲಿಲ್ಲ, ಕಳ್ಳ ಇರಲಿಲ್ಲ. ತಾತ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಿಡಲಾರದೆ ಕೊನೆಯ ಪ್ರಯತ್ನವೊಂದನ್ನು ಮಾಡಿದರು.

"ಈ ಸಾಲು... ಯಾವನ್ ಹೊಡ್ದಿದ್ದು ಇದ?"

"ನೂಲ್ ಇಡ್ದಂಗೈತೆ ಕಣ್ಲಾ" ಎಂದಳು ಅಜ್ಜಿ. "ಇಂಥ ಸಾಲು ಈ ಸೀಮೇಲಿ ಇನ್ಯಾರಿಗ್ ಬತ್ತದೆ?"

ತಾತ ಕೊಡೆ ಮಡಿಸಿದರು. ವಲ್ಲಿ ಹಾಸದೆ ಎಲ್ಲೂ ಕೂರದ ಮನುಷ್ಯ, ಆ ಕೊನೆಯ ಬಿಳಿ ಪಂಚೆಯಲ್ಲಿ, ಕೆಂಪು ಕೆಸರಿನ ಮೇಲೆ ಹಾಗೇ ಕುಳಿತುಬಿಟ್ಟರು. ನನಗೆ ಅಯ್ಯೋ ಅನ್ನಿಸಿತು. ಆದರೂ ನಾಲಿಗೆ ಕೇಳಬೇಕಲ್ಲ. "ತಾತ, ಊರಿನ್ ಬಟ್ಟೆ ಯಾವಾಗ ಒಗೀತೀರಿ?" ಎಂದುಬಿಟ್ಟೆ. ಈ ಸಲ ಅಜ್ಜಿ ಚಿವುಟಲಿಲ್ಲ. ಅವಳೂ ಹೋಗಿ ತಮ್ಮನ ಪಕ್ಕದಲ್ಲಿ ಕೆಸರಿನ ಮೇಲೇ ಕುಳಿತಳು.

ಕೈಗೆ ಸಿಕ್ಕ ಸಸಿಯೊಂದನ್ನು ಎತ್ತಿ ನೋಡುತ್ತ ತಾತ ಕೇಳಿದರು, "ಈಗೇನ್ ಮಾಡ್ಬೇಕು ಅಂತೀಯ?"

"ಏನೂ ಮಾಡ್ಬೇಡ. ನಿನ್ನಂತೋರಿಗೆ ಅದೇ ಕಷ್ಟ ಅಂತ ನಂಗೊತ್ತು. ಹೊಗೆಸೊಪ್ಪು ಬೇಕಾದ್ರೆ ಮ್ಯಾಲೆ ಮಟ್ಟದ್ ಒಲ್ದಲ್ ಆಕ್ಕೊ. ಈ ಇಳಿಜಾರ್ನ ಮುಟ್ಬೇಡ, ಅದರ ಪಾಡಿಗೆ ಬುಟ್ಬುಡು. ಉಲ್ಲು ತಾನಾಗ್ ಬತ್ತದೆ."

ತಾತ ಎದ್ದು ನಿಂತರು. ಗಂಡಸರು ಸೋತಾಗ ಎದ್ದು ಪಂಚೆ ಕೊಡವುತ್ತಾರೆ. ಆ ಪಂಚೆಯಲ್ಲಿ ಕೊಡವುವಂಥದ್ದೇನೂ ಉಳಿದಿರಲಿಲ್ಲ.

ಗೌರಿ ಹಬ್ಬದವರೆಗೂ ಮೇಲಿನಿಂದ ಸುದ್ದಿಯಿಲ್ಲ. ಅಜ್ಜಿ ಹೊರಗೆ ಕೇಳಲಿಲ್ಲ, ಒಳಗೊಳಗೇ ಬೆಂದಳು. ಹಬ್ಬದ ದಿನ ತವರಿನಿಂದ ಬಾಗಿನದ ಮೊರ ಬಂತು. ಅರಿಶಿನ, ಕುಂಕುಮ, ಬಳೆ, ಕುಪ್ಪಸದ ಕಣ, ಎಲ್ಲ ಕ್ರಮವಾಗಿತ್ತು. ಎಲ್ಲದರ ಮೇಲೆ ಒಂದು ಹಿಡಿ ಗರಿಕೆ. ನಾಳಿನ ಗಣಪತಿ ಪೂಜೆಗೆ ಇರಬೇಕು ಎಂದು ನಾನು ಅದನ್ನು ದೇವರ ಮುಂದಿಡಲು ಹೋದೆ. ಅಜ್ಜಿ ನನ್ನ ಕೈ ಹಿಡಿದಳು.

"ಪೂಜೆಗೆ ಯಾರಾದ್ರೂ ಬೇರ್ ಸಮೇತ ಕಳುಸ್ತಾರಾ?" ಎಂದಳು.

ನೋಡಿದರೆ ಗರಿಕೆಗೆ ಬೇರಿತ್ತು, ಬೇರಿನಲ್ಲಿ ದಿಣ್ಣೆಯ ಕೆಂಪು ಮಣ್ಣು ಅಂಟಿತ್ತು. ಇಳಿಜಾರಿನಲ್ಲಿ ಹುಲ್ಲು ಹುಟ್ಟಿತ್ತು. ಅಜ್ಜಿ ಆ ಹಿಡಿಯನ್ನು ಕಣ್ಣಿಗೊತ್ತಿಕೊಂಡು, ಏರಿಯ ಒಳಮೈಯಲ್ಲಿ ತಾನೇ ಗುಂಡಿ ತೋಡಿ ನೆಟ್ಟು ಬಂದಳು.

ಆಣೆಯ ವಿಷಯವನ್ನು ಮಾತ್ರ ಅವಳು ಬಿಡಲಿಲ್ಲ. ಗಂಗವ್ವ ಕೇಳಿಸಿಕೊಂಡಿದ್ದಾಳೆ ಎಂದಳು. ಕೊನೆಗೆ ಇಡೀ ಊರಿನ ಬಟ್ಟೆ ಎಂಬುದನ್ನು ಒಂದು ಪಂಚೆಗೆ ಇಳಿಸಿ ರಾಜಿಯಾಯಿತು. ಬಿಳೀಗೌಡರು ಕಲ್ಲಿನ ಮುಂದೆ ಬಗ್ಗಿ ತಮ್ಮ ಪಂಚೆ ತಾವೇ ಒಗೆದರು. ಚಿಕ್ಕಣ್ಣ ಕೈಕಟ್ಟಿ ನಿಂತು, ಬಹಳ ವಿನಯದಿಂದ, "ಇನ್ನೊಸಿ ಜೋರಾಗ್ ಒಗೀರಿ ಗೌಡ್ರೇ, ಕೈ ಸೋತೋಯ್ತಾ?" ಎಂದ. ಆ ದಿನ ಏರಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಮಗಳ ಮದುವೆಯೂ ಆ ಓಕುಳಿ ಮಾತಿನವರ ಮನೆಗೇ ಆಯಿತು. ಅಂಥ ಬೀಗರನ್ನು ಬಿಟ್ಟರೆ ನಗುವುದಕ್ಕೆ ಬೇರೆ ಯಾರು ಸಿಗುತ್ತಾರೆ ಎಂದು ತಾತನೇ ಹೇಳಿದರು.

ನೀರು ಒಮ್ಮೆಗೇ ತಿಳಿಯಾಗಲಿಲ್ಲ. ಕೆಡಿಸುವುದಕ್ಕೆ ಒಂದು ಬೇಸಿಗೆ ಸಾಕು, ಸರಿಯಾಗುವುದಕ್ಕೆ ಹುಲ್ಲಿಗೆ ಅದರದೇ ಪುರುಸೊತ್ತು ಬೇಕು. ಮರುವರ್ಷ ಅಂಬಲಿ ಹೋಗಿ ಕಾಫಿಯ ಬಣ್ಣ ಬಂತು, ಅದರ ಮರುವರ್ಷ ನೀರುಮಜ್ಜಿಗೆಯಷ್ಟಾಯಿತು. ಊರಿನವರು ಬೇಸಿಗೆಯಲ್ಲಿ ಹೂಳು ಎತ್ತಿ ಗದ್ದೆಗೆ ಹೊಡೆದುಕೊಂಡರು. ತಾತನೂ ಎರಡು ಗಾಡಿ ಕಳಿಸಿ, ತಮ್ಮ ಮಣ್ಣನ್ನು ತಾವೇ ದಿಣ್ಣೆಗೆ ಹತ್ತಿಸಿಕೊಂಡು ಹೋದರು.

ನಾನೀಗ ಇರುವುದು ಕೃಷ್ಣರಾಜನಗರದಲ್ಲಿ, ಕಾವೇರಿಯ ಮಗ್ಗುಲಲ್ಲಿ. ಇಲ್ಲಿ ಯಾರನ್ನಾದರೂ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೊಳೆಯಿಂದ ಎನ್ನುತ್ತಾರೆ. ಹೊಳೆಗೆ ಎಲ್ಲಿಂದ ಎಂದರೆ ಕೊಡಗಿನ ಕಡೆಗೆ ಕೈ ತೋರಿಸಿ ಮಾತು ಮುಗಿಸುತ್ತಾರೆ. ಹೊಳೆಗೂ ಒಂದು ತವರಿರುತ್ತದೆ, ಅಲ್ಲಿ ಯಾರೋ ಒಬ್ಬ ಪುಟ್ಟೇಗೌಡ ನೇಗಿಲು ಹಿಡಿದು ನಿಂತಿರುತ್ತಾನೆ ಎಂದು ನಾನು ಹೇಳಹೋದರೆ ನಮ್ಮ ಯಜಮಾನರು ನನ್ನ ಮುಂದಿನ ಕಾಫಿ ಲೋಟವನ್ನು ದೂರ ಸರಿಸುತ್ತಾರೆ.

ಬಿಳೀತಾತ ತಮ್ಮ ತಪ್ಪನ್ನು ಬಾಯಿಬಿಟ್ಟು ಒಪ್ಪಿದವರಲ್ಲ. ಹೊಗೆಸೊಪ್ಪಿನ ಬೀಜ ಸರಿಯಿರಲಿಲ್ಲ, ಅದಕ್ಕೇ ಬಿಟ್ಟೆ ಎಂದು ಕೊನೆಯವರೆಗೂ ಹೇಳಿದರು. ಆದರೆ ಪ್ರತಿ ವರ್ಷ ಹೊಸ ನೀರು ಬಂದ ದಿನ, ಯಾರೂ ಕರೆಯದೆ, ಇಳಿಜಾರಿನ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಇಳಿದು ಬರುತ್ತಿದ್ದರು. ಅಷ್ಟು ಹೊತ್ತಿಗೆ ಅಜ್ಜಿಯ ಕಣ್ಣು ಮಂಜಾಗಿತ್ತು. ಅವಳು ಕೆರೆಯಿಂದ ಚೊಂಬು ತುಂಬಿ ಅವರ ಕೈಗೆ ಕೊಡುತ್ತಿದ್ದಳು. ಅವರು ಅದನ್ನು ಬೆಳಕಿಗೆ ಹಿಡಿದು, ರುಮಾಲು ಹಿಂದಕ್ಕೆ ತಳ್ಳಿ, ಬಹಳ ಹೊತ್ತು ಒಳಗೆ ಇಣುಕುತ್ತಿದ್ದರು. ಅವಳು ಉಸಿರು ಹಿಡಿದು ಕಾಯುತ್ತಿದ್ದಳು.

"ತಳ ಕಾಣ್ತೈತೆ ಕಣಕ್ಕ."

"ಅಂಗಾರೆ ತವರ್ನಲ್ಲಿ ಎಲ್ರೂ ಚೆನ್ನಾಗವ್ರೆ ಬುಡು" ಎನ್ನುತ್ತಿದ್ದಳು ಅಜ್ಜಿ.